ಟ್ಯಾಗ್ ಗಾಡಿ ಮೇಲಿದ್ದರೆ ಸರಿ, ಕೊರಳಿಗೆ ಹಾಕಿಕೊಂಡರೆ ಜಿಗಿದಾಟ!

ಬೆಸುಗೆಕಡ್ಡಿ:
ಹಾಲ್ ಒಳಗೆ ಯಾವುದು ಎಲ್ಲಿದೆ ಅಂತ ಮ್ಯಾಪ್‌ನಲ್ಲಿ ತೋರಿಸುವ ವ್ಯವಸ್ಥೆ ಮಾಡುತ್ತಿದ್ದೇನೆ. 12 ಮೀಟರ್ ಉದ್ದ, 8 ಮೀಟರ್ ಅಗಲದ ಹಾಲ್. ನಾಲ್ಕು ಮೂಲೆಯಲ್ಲೂ 2.5 ಮೀಟರ್ ಎತ್ತರಕ್ಕೆ ಡಿಡಬ್ಲ್ಯೂಎಂ1000 ಆಂಕರ್ ಹಾಕಿದ್ದೇನೆ (ಸಿಗ್ನಲ್ ಬರಲು ಹಿಡಿದ ಸಮಯದಿಂದ ದೂರ ಅಳೆಯುವ ರೇಡಿಯೊ ಮಾಡ್ಯೂಲ್; ಒಂದೇ ಕಡೆ ಕೂತಿರುವುದು ಆಂಕರ್, ಓಡಾಡುವುದು ಟ್ಯಾಗ್). ಎರಡು ಟ್ಯಾಗ್ ಇವೆ. ಒಂದು ಸಾಮಾನು ತಳ್ಳುವ ಗಾಡಿಗೆ, ಇನ್ನೊಂದು ನನ್ನ ಕೊರಳಿಗೆ. ಗಾಡಿ ಎಲ್ಲಿದೆ ಅಂತ 15 ಸೆಂಟಿಮೀಟರ್ ಒಳಗೆ ಹೇಳುತ್ತದೆ. ನಾನು ಮಾತ್ರ ನಿಂತಲ್ಲೇ ನಿಂತರೂ ಮ್ಯಾಪ್‌ನಲ್ಲಿ ಒಂದೂವರೆ ಮೀಟರ್ ಹಾರುತ್ತೇನೆ. ಟ್ಯಾಗ್ ಅದಲು ಬದಲು ಮಾಡಿ ನೋಡಿದೆ, ಅದೇ ಕಥೆ. 20 ಅಳತೆಗಳ ಸರಾಸರಿ ತೆಗೆದೆ, ಏರಿಳಿತ ನಯಮಾಡುವ ಕಾಲ್ಮನ್ ಫಿಲ್ಟರ್ ಹಾಕಿದೆ. ಹಾರುವುದು ನಿಧಾನವಾಯಿತು ಅಷ್ಟೇ, ನಿಲ್ಲಲಿಲ್ಲ.

ನೀಲಿಹಲ್ಲು:
ಇಷ್ಟೆಲ್ಲಾ ಯಾಕೆ? ಬ್ಲೂಟೂತ್ ಬೀಕನ್ (ಸದಾ ಸಿಗ್ನಲ್ ಕಳಿಸುವ ಪುಟ್ಟ ಸಾಧನ) ಹಾಕಿ, ಸಿಗ್ನಲ್ ಬಲ ನೋಡಿ ದೂರ ಲೆಕ್ಕ ಹಾಕಿ. ಅಗ್ಗ.

ಆಂಟೆನಾ ಅಜ್ಜ:
ಬೇಡ. ಮೈ ಅಡ್ಡ ಬಂದರೆ ಸಿಗ್ನಲ್ ಬಲ ಇನ್ನೂ ಕೆಟ್ಟದಾಗಿ ಸುಳ್ಳು ಹೇಳುತ್ತದೆ. ಯಾವ ಕೋಣೆಯಲ್ಲಿದ್ದಾರೆ ಅಂತ ತಿಳಿದರೆ ಸಾಕು ಅನ್ನುವವರಿಗೆ ಅದು ಸರಿ.

ಬೆಸುಗೆಕಡ್ಡಿ ಅವರೇ, ಮ್ಯಾಪ್ ಮುಚ್ಚಿಡಿ. ಫಿಲ್ಟರ್ ತೆಗೆಯಿರಿ. ಹಾಲ್ ನಡುವೆ ನಿಂತು ನಾಲ್ಕೂ ಆಂಕರ್‌ಗಳ ಬರೀ ದೂರ ಬರೆದು ಹಾಕಿ.

ಬೆಸುಗೆಕಡ್ಡಿ:
ನಟ್ಟನಡುವೆ ನಿಂತೆ. ಟೇಪ್ ಪ್ರಕಾರ ಎಲ್ಲವೂ 7.3 ಮೀಟರ್ ಇರಬೇಕು. ಎದುರಿನ ಎರಡು: 7.3, 7.4. ಬೆನ್ನ ಹಿಂದಿನವು: 8.1, 8.6. ತಿರುಗಿ ನಿಂತೆ. ಈಗ ಅವು ಸರಿ, ಇವು ತಪ್ಪು! (ಕೋಡ್‌ನಲ್ಲಿ ಎಲ್ಲ ದೂರದಿಂದಲೂ 0.4 ಕಳೆದಿದ್ದೇನೆ, ಇಲ್ಲದಿದ್ದರೆ ಗಾಡಿಯದೂ ಜಾಸ್ತಿ ತೋರಿಸುತ್ತಿತ್ತು.)

ಆಂಟೆನಾ ಅಜ್ಜ:
ಕಳ್ಳ ಸಿಕ್ಕ. ನಿಮ್ಮ ಮೈಯೇ ಗೋಡೆ. ಮೈ ತುಂಬಾ ನೀರು ಅಲ್ವಾ, ಎದೆಯ ಮೇಲಿನ ಟ್ಯಾಗ್‌ನಿಂದ ಹಿಂದಕ್ಕೆ ಹೋಗುವ ಸಿಗ್ನಲ್ ಅಲ್ಲೇ ಸೊರಗುತ್ತದೆ. ಹಾಲ್‌ನ ಗೋಡೆಗೆ ಬಡಿದು ಸುತ್ತಿ ಬಂದದ್ದನ್ನೇ ಆಂಕರ್ ನೇರವಾಗಿ ಬಂದದ್ದು ಅಂದುಕೊಳ್ಳುತ್ತದೆ. ಬೆಳಕಿನ ವೇಗದಲ್ಲಿ 1 ನ್ಯಾನೊಸೆಕೆಂಡ್ ಅಂದರೆ 30 ಸೆಂಟಿಮೀಟರ್. ಸುತ್ತಿ ಬಂದ ದಾರಿ ಯಾವಾಗಲೂ ಉದ್ದವೇ, ಗಿಡ್ಡ ಆಗಲ್ಲ. ಹಾಗಾಗಿ ತಪ್ಪೆಲ್ಲ ಒಂದೇ ಕಡೆಗೆ ವಾಲುತ್ತದೆ. 20 ಸುಳ್ಳುಗಳ ಸರಾಸರಿಯೂ ಸುಳ್ಳೇ.

ಮೊದಲು ಟ್ಯಾಗನ್ನು ಟೋಪಿ ಮೇಲೆ ಹಾಕಿ. ಆಮೇಲೆ ಚಿಪ್‌ನಿಂದ ಎರಡು ಲೆಕ್ಕ ಓದಿ: ಒಟ್ಟು ಬಂದ ಪವರ್, ಮೊದಲ ದಾರಿಯ (ಎಲ್ಲಕ್ಕಿಂತ ಮೊದಲು ತಲುಪಿದ ಸಿಗ್ನಲ್‌ನ) ಪವರ್. ಡಿಡಬ್ಲ್ಯೂ1000 ಕೈಪಿಡಿ ಹೇಳುವಂತೆ ಎರಡರ ನಡುವಿನ ವ್ಯತ್ಯಾಸ 6 ಡಿಬಿಗಿಂತ (ಡೆಸಿಬೆಲ್) ಕಡಿಮೆ ಇದ್ದರೆ ಬಹುಶಃ ನೇರ ದಾರಿ, 10 ದಾಟಿದರೆ ಬಹುಶಃ ಅಡ್ಡ ಏನೋ ಇದೆ. ಅಂಥ ಅಳತೆಗೆ ಲೆಕ್ಕದಲ್ಲಿ ತೂಕ ಕಡಿಮೆ ಕೊಡಿ.

ಮೂರುವೃತ್ತ:
ಆದರೆ ಬೆನ್ನ ಹಿಂದಿನ ಎರಡು ಆಂಕರ್‌ಗಳನ್ನು ಲೆಕ್ಕದಿಂದ ಬಿಟ್ಟರೆ ಉಳಿಯುವುದು ಎರಡೇ. ಒಂದು ಆಂಕರ್‌ನಿಂದ ಇಷ್ಟು ದೂರ ಅಂದರೆ ಅದರ ಸುತ್ತ ಒಂದು ವೃತ್ತ. ಎರಡು ವೃತ್ತ ಎರಡು ಕಡೆ ಸೇರುತ್ತವೆ. ಎರಡೂ ಆಂಕರ್ ಒಂದೇ ಗೋಡೆಯವಾದರೆ ಒಂದು ಬಿಂದು ಹಾಲ್‌ನ ಹೊರಗೆ ಬೀಳುತ್ತದೆ, ಬಿಟ್ಟುಬಿಡಬಹುದು. ಎದುರುಬದುರು ಮೂಲೆಯವಾದರೆ ಎರಡೂ ಒಳಗೇ ಬೀಳಬಹುದು, ಆಗ ಕಷ್ಟ. ಉದ್ದದ ಗೋಡೆಗಳ ನಡುವೆ ಇನ್ನೆರಡು ಆಂಕರ್ ಹಾಕಿ.

ಬೆಸುಗೆಕಡ್ಡಿ:
ಟೋಪಿ ಕೆಲಸ ಮಾಡಿತು! ನೋಡಲು ಕೋಡಂಗಿ ಥರ ಇದ್ದೇನೆ, ಆದರೆ 25 ಸೆಂಟಿಮೀಟರ್ ಒಳಗೆ ನಿಂತಿದ್ದೇನೆ. ಬಗ್ಗಿದಾಗ ಒಂದೊಂದು ಸಲ ಹಾರುತ್ತದೆ. ಪವರ್ ಲೆಕ್ಕ ಹಾಕಿ ನೋಡಿದೆ, ಹಾರಿದಾಗೆಲ್ಲ 11–12 ಡಿಬಿ. ಇನ್ನೆರಡು ಆಂಕರ್‌ಗೆ ಆರ್ಡರ್ ಹಾಕಿದೆ.

ಆಂಟೆನಾ ಅಜ್ಜ:
ಭೇಷ್. ಇನ್ನು ಆ 0.4 ವಿಷಯಕ್ಕೆ ಬನ್ನಿ. ಅದು ಆಂಟೆನಾ ಡಿಲೇ, ಅಂದರೆ ಸಿಗ್ನಲ್ ಚಿಪ್ ಮತ್ತು ಆಂಟೆನಾ ನಡುವೆ ಸಾಗಲು ಹಿಡಿಯುವ ಸಮಯ, ಒಂದೊಂದು ಮಾಡ್ಯೂಲ್‌ಗೂ ಸ್ವಲ್ಪ ಬೇರೆ. ಎಲ್ಲದಕ್ಕೂ ಒಂದೇ ಸಂಖ್ಯೆ ಕಳೆದರೆ ಹೊಸ ಆಂಕರ್ ಬಂದಾಗ ಮತ್ತೆ ತಲೆನೋವು. ಎರಡು ಮಾಡ್ಯೂಲ್ ಅಳೆದರೆ ಸಿಗುವುದು ಎರಡರದೂ ಕೂಡಿದ ತಪ್ಪು. ಅದಕ್ಕೇ ಮೂರನ್ನು ಬಯಲಲ್ಲಿ, ಟೇಪ್ ಹಿಡಿದು ತ್ರಿಕೋನವಾಗಿ ಇಡಿ. ಮೂರು ಜೋಡಿ, ಮೂರು ಅಳತೆ, ಪ್ರತಿಯೊಂದರದೂ ಬಿಡಿಸಿ ಸಿಗುತ್ತದೆ. ಆ ಡಿಲೇಯನ್ನು ಚಿಪ್‌ಗೆ ಅದರ ಗಡಿಯಾರದ ಎಣಿಕೆಯಲ್ಲೇ ಕೊಡಬೇಕು: ಒಂದು ಎಣಿಕೆ ಸುಮಾರು 15.65 ಪಿಕೊಸೆಕೆಂಡ್, ಅಂದರೆ 4.7 ಮಿಲಿಮೀಟರ್.

ಬೆಸುಗೆಕಡ್ಡಿ:
ಭಾನುವಾರ ಮಾಡುತ್ತೇನೆ ಅಜ್ಜ. ಟೋಪಿ ಇಲ್ಲದೆ.