‘ಜನಾಂಗೀಯ ಪಕ್ಷ’ ಎಂದು ಯಾವುದನ್ನು ಕರೆಯಬೇಕು?

ಒಂದು ದೇಶದ ಅಲ್ಪಸಂಖ್ಯಾತ ಜನರು ತಮ್ಮ ಪ್ರಾತಿನಿಧ್ಯಕ್ಕಾಗಿ ಕಟ್ಟಿಕೊಂಡ ಪಕ್ಷವನ್ನು ಇಂಗ್ಲಿಷಿನಲ್ಲಿ ‘ಎಥ್ನಿಕ್ ಪಾರ್ಟಿ’ ಎನ್ನುತ್ತಾರೆ. ಕನ್ನಡದಲ್ಲಿ ಇದಕ್ಕೆ ಒಪ್ಪುವ ಪದ ಯಾವುದು? ‘ಜನಾಂಗೀಯ ಪಕ್ಷ’ ಎಂದು ಬರೆದು ಮುಂದೆ ಸಾಗುವುದು ಸುಲಭ. ನನ್ನ ಕಿವಿಗೆ ಅದು ಒಗ್ಗುತ್ತಿಲ್ಲ. ‘ಜನಾಂಗ’ವನ್ನು ನಾವು ಎರಡು ಕೆಲಸಕ್ಕೆ ಹಚ್ಚಿದ್ದೇವೆ. ಶ್ರೀಲಂಕಾದ ‘ಜನಾಂಗೀಯ ಸಂಘರ್ಷ’ ಎಂದಾಗ ಭಾಷೆ, ಧರ್ಮ, ನೆಲದ ನಂಟಿನಿಂದ ಒಂದಾದ ಜನ ಎಂದರ್ಥ. ದಕ್ಷಿಣ ಆಫ್ರಿಕಾದ ‘ಜನಾಂಗೀಯ ತಾರತಮ್ಯ’ ಎಂದಾಗ ಮೈಬಣ್ಣದ ಮಾತು. ಹೀಗಿರುವಾಗ ‘ಜನಾಂಗೀಯ ಪಕ್ಷ’ ಎಂಬುದನ್ನು ಜನಾಂಗದ್ವೇಷ ಬಿತ್ತುವ ಪಕ್ಷ ಎಂದು ಯಾರಾದರೂ ಓದಿಕೊಂಡರೆ ತಪ್ಪು ಓದಿದವರದಲ್ಲ. ‘ಕೋಮು’ ಕೂಡ ಮೂಲದಲ್ಲಿ ಸಮುದಾಯವೇ. ಆದರೆ ಗಲಭೆಯ ಸಹವಾಸದಿಂದ ಅದು ಕೆಟ್ಟುಹೋಗಿದೆ. ‘ಕೋಮುವಾದಿ ಪಕ್ಷ’ ಈಗ ಬೈಗುಳವೇ ಸರಿ. ‘ಬುಡಕಟ್ಟು’ ಎಂದರೆ ಫಿನ್ಲೆಂಡಿನ ಸ್ವೀಡಿಷ್ ಭಾಷಿಕರು ನಕ್ಕಾರು.

ಫಿನ್ಲೆಂಡಿನ ಜನಸಂಖ್ಯೆಯಲ್ಲಿ ಸುಮಾರು ಶೇ 5ರಷ್ಟಿರುವ ಈ ಜನರಿಗೆ 1906ರಿಂದ ತಮ್ಮದೇ ಪಕ್ಷವಿದೆ. ಹಲವು ಸಮ್ಮಿಶ್ರ ಸರ್ಕಾರಗಳಲ್ಲಿ ಅದು ಮಂತ್ರಿಸ್ಥಾನಗಳನ್ನೂ ಪಡೆದಿದೆ. ಅದರ ಹೆಸರನ್ನು ಪದಕ್ಕೆ ಪದವಿಟ್ಟು ‘ಸ್ವೀಡಿಷ್ ಜನತಾ ಪಕ್ಷ’ ಎಂದು ಮಾಡಿದರೆ ಓದುಗರು ನೇರವಾಗಿ ಸ್ಟಾಕ್‌ಹೋಮ್‌ಗೆ ಹೋಗಿಬಿಡುತ್ತಾರೆ. ಜೊತೆಗೆ ‘ಜನತಾ ಪಕ್ಷ’ ಎಂಬ ಜೋಡಿಗೆ ನಮ್ಮಲ್ಲಿ ಬೇರೆಯೇ ಚರಿತ್ರೆಯಿದೆ. ‘ಫಿನ್ಲೆಂಡಿನ ಸ್ವೀಡಿಷ್ ಭಾಷಿಕರ ಪಕ್ಷ’ ಎಂದರೆ ಗೊಂದಲ ಮುಗಿಯಿತು.

ಇಲ್ಲಿ ಕೆಲಸ ಮಾಡಿದ್ದು ‘ಭಾಷಿಕರ’ ಎಂಬಲ್ಲಿನ ‘ರ’. ಪಕ್ಷಗಳ ಹೆಸರಿನಲ್ಲಿ ಇಂಥ ಒಂದಕ್ಷರಕ್ಕೆ ಬಹಳ ತೂಕ. 1944ರಲ್ಲಿ ಪೆರಿಯಾರ್ ನೇತೃತ್ವದ ಸಂಘಟನೆ ‘ದ್ರಾವಿಡರ್ ಕಳಗಂ’ ಆಯಿತು; 1949ರಲ್ಲಿ ಅಣ್ಣಾದುರೈ ಮತ್ತು ಸಂಗಡಿಗರು ಹೊರಬಂದು ಕಟ್ಟಿದ್ದು ‘ದ್ರಾವಿಡ ಮುನ್ನೇಟ್ರ ಕಳಗಂ’. ‘ದ್ರಾವಿಡರ್’ ಎಂದರೆ ಜನ, ‘ದ್ರಾವಿಡ’ ಎಂದರೆ ನೆಲವೂ ಆದೀತು. ಒಂದು ರೇಫೆ ಬಿದ್ದುಹೋದದ್ದೇ ತಡ, ಬಾಗಿಲು ಅಗಲವಾಯಿತು. ಮಲಯಾದಲ್ಲಿ (ಇಂದು ಮಲೇಷ್ಯಾದ ಭಾಗ) 1946ರಲ್ಲಿ ಹುಟ್ಟಿದ ಪಕ್ಷದ ಹೆಸರು ‘ಯುನೈಟೆಡ್ ಮಲಯ್ಸ್ ನ್ಯಾಷನಲ್ ಆರ್ಗನೈಸೇಷನ್’. ಮಲಯರನ್ನು ಅಲ್ಲಿ ಅಲ್ಪಸಂಖ್ಯಾತರು ಎನ್ನಲಾಗದು, ನಿಜ. ಆದರೂ ಹೆಸರಿನ ವಿಚಾರಕ್ಕೆ ಈ ಉದಾಹರಣೆಯನ್ನು ಬಿಡಲು ಮನಸ್ಸಿಲ್ಲ. ಚೀನೀ ಮತ್ತು ಭಾರತೀಯ ಮೂಲದವರಿಗೂ ಸದಸ್ಯತ್ವ ಕೊಡೋಣ, ‘ಮಲಯ್ಸ್’ (ಮಲಯ ಜನ) ಇದ್ದಲ್ಲಿ ‘ಮಲಯನ್’ (ಮಲಯಾ ನಾಡಿನ) ಎಂದು ಮಾಡೋಣ ಎಂದು ಸ್ಥಾಪಕಾಧ್ಯಕ್ಷ ಒನ್ ಜಾಫರ್ 1951ರಲ್ಲಿ ಹೇಳಿದರು. ಪಕ್ಷ ಒಪ್ಪಲಿಲ್ಲ. ಪಕ್ಷದ ಹೆಸರು ಉಳಿಯಿತು, ಸ್ಥಾಪಕರು ಹೊರನಡೆದರು.

ಇವೆಲ್ಲ ಹೆಸರಿನಲ್ಲೇ ಗುರುತು ಹೊತ್ತವು. ಗುರುತನ್ನು ಹೆಸರಿನಿಂದ ಹೊರಗಿಟ್ಟ ಪಕ್ಷಗಳನ್ನು ಏನೆನ್ನುವುದು? ಬಲ್ಗೇರಿಯಾದಲ್ಲಿ 1984–85ರ ಚಳಿಗಾಲದಲ್ಲಿ ಕಮ್ಯುನಿಸ್ಟ್ ಸರ್ಕಾರ ಅಲ್ಲಿನ ಅಲ್ಪಸಂಖ್ಯಾತ ತುರ್ಕರ ಸ್ವಂತ ಹೆಸರುಗಳನ್ನೇ ಬಲವಂತದಿಂದ ಬಲ್ಗೇರಿಯನ್ ಹೆಸರುಗಳಾಗಿ ಬದಲಿಸಿತು. 1989ರಲ್ಲಿ ಮೂರು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟು ತುರ್ಕಿಗೆ ಹೋದರು. ಉಳಿದವರ ನಡುವೆ 1990ರ ಜನವರಿಯಲ್ಲಿ ಅಹ್ಮದ್ ದೋಗಾನ್ ಮುಂದಾಳತ್ವದಲ್ಲಿ ತಲೆಯೆತ್ತಿದ ಪಕ್ಷಕ್ಕೆ ‘ಹಕ್ಕು ಮತ್ತು ಸ್ವಾತಂತ್ರ್ಯಗಳ ಚಳವಳಿ’ ಎಂದು ಹೆಸರಿಟ್ಟರು. ‘ತುರ್ಕ’ ಎಂಬ ಮಾತೇ ಅದರಲ್ಲಿಲ್ಲ. ಮರುವರ್ಷ ಬಂದ ಸಂವಿಧಾನದ 11ನೇ ವಿಧಿ ಎಥ್ನಿಕ್, ರೇಶಿಯಲ್ ಮತ್ತು ಧಾರ್ಮಿಕ ನೆಲೆಯ ಪಕ್ಷಗಳನ್ನು ನಿಷೇಧಿಸಿತು. ಆ ನೆಪದಲ್ಲಿ ಈ ಪಕ್ಷವೂ ಸಾಂವಿಧಾನಿಕ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಯಿತು, 1992ರಲ್ಲಿ ಪಾರಾಯಿತು. ಈಗ ಆ ವಿಧಿಯನ್ನು ಕನ್ನಡಕ್ಕೆ ತನ್ನಿ ನೋಡೋಣ. ಮೊದಲೆರಡು ಪದಗಳು ಪಕ್ಕಪಕ್ಕದಲ್ಲೇ ಇವೆ. ‘ಜನಾಂಗೀಯ’ ಒಂದೇ ಸಾಕು ಎನ್ನುವವರು ಇಲ್ಲಿ ಏನು ಮಾಡುತ್ತಾರೆ? ಅಷ್ಟೇ ಅಲ್ಲ, ಸುದ್ದಿಯಲ್ಲಿ ಈ ಪಕ್ಷವನ್ನು ‘ಜನಾಂಗೀಯ ಪಕ್ಷ’ ಎಂದು ಬರೆದರೆ ನ್ಯಾಯಾಲಯ ಒಪ್ಪದ ಆರೋಪವನ್ನು ನಾವು ವರದಿಯ ಭಾಷೆಯಲ್ಲಿ ಮತ್ತೆ ಹೊರಿಸಿದಂತೆ. ‘ತುರ್ಕರ ಬೆಂಬಲವೇ ಮುಖ್ಯ ಬಲವಾಗಿರುವ ಪಕ್ಷ’ ಎಂದು ಬಿಡಿಸಿ ಬರೆಯುವುದು ಉದ್ದವಾದರೂ ನ್ಯಾಯ.

ಜರ್ಮನಿಯದು ಇದಕ್ಕೆ ವಿರುದ್ಧ. ಅಲ್ಲಿ ಸಂಸತ್ತಿಗೆ ಬರಲು ಸಾಮಾನ್ಯವಾಗಿ ಶೇ 5ರಷ್ಟು ಮತ ಬೇಕು, ‘ನ್ಯಾಷನಲ್ ಮೈನಾರಿಟಿ’ಗಳ, ಅಂದರೆ ತಲೆತಲಾಂತರದಿಂದ ಅಲ್ಲೇ ನೆಲೆಸಿರುವ ಅಲ್ಪಸಂಖ್ಯಾತ ಜನರ ಪಕ್ಷಗಳಿಗೆ ಇದರಿಂದ ವಿನಾಯಿತಿಯಿದೆ. ಡೇನಿಷರ ಮತ್ತು ಫ್ರಿಸಿಯನ್ನರ ಪಕ್ಷವೊಂದು 2021ರಲ್ಲಿ ಹೀಗೇ ಒಂದು ಸ್ಥಾನ ಪಡೆಯಿತು. ಹೆಸರು ‘ದಕ್ಷಿಣ ಶ್ಲೆಸ್ವಿಗ್ ಮತದಾರರ ಸಂಘ’: ಊರುಂಟು, ಮತದಾರರುಂಟು, ಡೇನಿಷರಿಲ್ಲ. ‘ರಾಷ್ಟ್ರೀಯ ಅಲ್ಪಸಂಖ್ಯಾತರು’ ಎಂದು ದಯವಿಟ್ಟು ಯಾರೂ ಅನುವಾದಿಸಬೇಡಿ, ರಾಷ್ಟ್ರೀಯ ಹೆದ್ದಾರಿಯ ತಮ್ಮನಂತೆ ಕೇಳುತ್ತದೆ.

ನನ್ನ ಸದ್ಯದ ಒಲವು ‘ಜನವರ್ಗ’ದ ಕಡೆಗೆ. ‘ರೇಸ್’ಗೆ ‘ಜನಾಂಗ’ವನ್ನು ಬಿಟ್ಟುಕೊಟ್ಟು, ‘ಎಥ್ನಿಕ್’ ಬಂದಲ್ಲಿ ‘ಜನವರ್ಗ’ ಎನ್ನಬಹುದು. ‘ಅಲ್ಪಸಂಖ್ಯಾತ ಜನವರ್ಗದ ಪಕ್ಷ’ ಬಾಯಿಗೂ ಕಷ್ಟವಲ್ಲ. ಒಂದೇ ಅಳುಕು: ‘ಹಿಂದುಳಿದ ವರ್ಗ’, ‘ಕಾರ್ಮಿಕ ವರ್ಗ’ಗಳ ನಡುವೆ ಬೆಳೆದ ಓದುಗರು ಇದನ್ನೂ ಮೀಸಲಾತಿಯ ಪಟ್ಟಿಯಲ್ಲಿ ಹುಡುಕಿಯಾರೇ? ಸಂವಿಧಾನ, ಕಾನೂನುಗಳ ಅನುವಾದದಲ್ಲಿ ಕೈಪಳಗಿದವರು ‘ಎಥ್ನಿಕ್’ ಮತ್ತು ‘ರೇಶಿಯಲ್’ ಜೊತೆಯಾಗಿ ಬಂದಾಗ ಯಾವ ಎರಡು ಪದ ಬಳಸುತ್ತಾರೆ, ತಿಳಿಸಬೇಕು.