ಅಕ್ಕನ ಸೈಕಲ್ಲಿಗೆ ತಮ್ಮನಿಗಾಗಿ ಹೊಸ ಬಣ್ಣ: ಮಾಡಿ ನೋಡಿದವರ ಅನುಭವಗಳು

ಪ್ರಶ್ನೆ: ಮಗಳು ಓಡಿಸಿ ಬಿಟ್ಟ 16 ಇಂಚಿನ ಸೈಕಲ್ಲು ನಾಲ್ಕು ವರ್ಷಗಳಿಂದ ಮೂಲೆಯಲ್ಲಿ ನಿಂತಿದೆ. ಈಗ ಅದು ಮಗನ ಎತ್ತರಕ್ಕೆ ಸರಿಯಾಗಿದೆ. ಫ್ರೇಮಿನ ಬಣ್ಣ ಅಲ್ಲಲ್ಲಿ ಎದ್ದುಹೋಗಿದೆ, ಹ್ಯಾಂಡಲ್ಲಿನ ಕ್ರೋಮಿನ ಮೇಲೆ ತುಕ್ಕಿನ ಚುಕ್ಕೆಗಳಿವೆ. ನಾನೇ ಬಿಚ್ಚಿ, ಬಣ್ಣ ಹಚ್ಚಿ ಅವನ ಕೈಗೆ ಕೊಡಬೇಕೆಂಬ ಆಸೆಯಿದೆ. ಹಳೆಯ ಬಣ್ಣವನ್ನು ಪೂರ್ತಿ ಕೆರೆದು ತೆಗೆಯಲೇಬೇಕೆ? ಎಲ್ಲಿಂದ ಆರಂಭಿಸಬೇಕು? ಮಾಡಿದವರು ದಯವಿಟ್ಟು ತಿಳಿಸಿ.

ಉತ್ತರ 1: ನಾನು ಇಬ್ಬರು ಮಕ್ಕಳ ಸೈಕಲ್ಲುಗಳಿಗೆ ಹೀಗೆ ಬಣ್ಣ ಹಚ್ಚಿದ್ದೇನೆ. ನಿಮ್ಮ ಮೊದಲ ಪ್ರಶ್ನೆಗೆ ನೇರ ಉತ್ತರವೆಂದರೆ, ಪೂರ್ತಿ ತೆಗೆಯಬೇಕಾಗಿಲ್ಲ. ಗಟ್ಟಿಯಾಗಿ ಅಂಟಿಕೊಂಡಿರುವ ಹಳೆಯ ಬಣ್ಣವೇ ಹೊಸ ಬಣ್ಣಕ್ಕೆ ಒಳ್ಳೆಯ ನೆಲೆಯಾಗುತ್ತದೆ. ಎದ್ದಿರುವ ಕಡೆ ಮಾತ್ರ 120ರ ಉಪ್ಪುಕಾಗದದಿಂದ (ಸಂಖ್ಯೆ ಹೆಚ್ಚಿದಷ್ಟೂ ಕಾಗದ ನಯ) ಲೋಹ ಕಾಣುವವರೆಗೆ ಉಜ್ಜಿ, ಬಣ್ಣ ಮುಗಿದು ಲೋಹ ಆರಂಭವಾಗುವ ಅಂಚನ್ನು 220ರಲ್ಲಿ ಇಳಿಜಾರಾಗಿ ಸವರಿ, ಉಳಿದ ಭಾಗದ ಹೊಳಪು ಹೋಗುವಂತೆ 320 ಅಥವಾ 400ರ ಕಾಗದದಿಂದ ನೀರು ಹಾಕಿ ಉಜ್ಜಿದರೆ ಸಾಕು. ಕಣ್ಣು ಮುಚ್ಚಿ ಬೆರಳಾಡಿಸಿ ನೋಡಿ. ಆ ಅಂಚು ಬೆರಳಿಗೆ ತಾಗಿದರೆ ಬಣ್ಣ ಹಚ್ಚಿದ ಮೇಲೆ ಕಣ್ಣಿಗೂ ಕಂಡೇ ಕಾಣುತ್ತದೆ.

ಉಜ್ಜುವ ಮೊದಲು ಜಿಡ್ಡು ತೆಗೆಯಿರಿ. ನಾನು ಮೊದಲ ಸಲ ಇದನ್ನು ತಿರುವುಮುರುವು ಮಾಡಿದೆ. ಚೈನಿನ ಎಣ್ಣೆ ಸಿಡಿದಿದ್ದ ಹಿಂಬದಿಯ ಕೊಳವೆಯನ್ನು ಹಾಗೆಯೇ ಉಜ್ಜಿದ್ದರಿಂದ ಎಣ್ಣೆ ಗೀರುಗಳೊಳಗೆ ಇಳಿದು, ಹೊಸ ಬಣ್ಣ ಅಲ್ಲಿ ಮೀನಿನ ಕಣ್ಣಿನಂಥ ಸಣ್ಣ ಸಣ್ಣ ಗುಂಡಿಗಳಾಗಿ ಸರಿದು ನಿಂತಿತು. ಸೋಪಿನ ನೀರಿನಿಂದ ತೊಳೆದು, ಒಣಗಿಸಿ, ಬಿಳಿ ಬಟ್ಟೆಗೆ ಕೊಳೆ ಹತ್ತದಷ್ಟು ಬಾರಿ ಸ್ಪಿರಿಟ್ಟಿನಲ್ಲಿ ಒರೆಸಿದ ಮೇಲೆಯೇ ಉಪ್ಪುಕಾಗದ ಹಿಡಿಯಬೇಕು. ಉಕ್ಕು ಬಯಲಾದ ಜಾಗಕ್ಕೆ ಅದೇ ದಿನ ಪ್ರೈಮರ್, ಅಂದರೆ ಬಣ್ಣಕ್ಕೆ ಮೊದಲಿನ ತಳಪದರ, ಹಚ್ಚಿ. ತೇವದ ಹವೆಯಲ್ಲಿ ಒಂದೇ ರಾತ್ರಿಗೆ ಕೆಂಪು ಪೊರೆ ಕಟ್ಟುತ್ತದೆ, ಅದರ ಮೇಲೆ ಹಚ್ಚಿದ್ದು ನಿಲ್ಲುವುದಿಲ್ಲ. ಫ್ರೇಮಿಗೆ ಅಯಸ್ಕಾಂತ ಹಿಡಿಯದಿದ್ದರೆ ಅದು ಅಲ್ಯೂಮಿನಿಯಂ ಎಂದು ತಿಳಿದು, ಆ ಲೋಹಕ್ಕೆಂದೇ ಇರುವ ಪ್ರೈಮರ್ ತನ್ನಿ.

ಸ್ಪ್ರೇ ಡಬ್ಬಿಯನ್ನು ಚೆನ್ನಾಗಿ ಅಲುಗಾಡಿಸಿ, 25 ಸೆಂಟಿಮೀಟರಿನಷ್ಟು ದೂರದಿಂದ, ಕೈ ನಿಲ್ಲಿಸದೆ ಹಾಯಿಸಿ. ಮೊದಲ ಪದರದಲ್ಲಿ ಕೆಳಗಿನ ಬಣ್ಣ ಇಣುಕಲಿ. ಅದನ್ನು ಮುಚ್ಚುವ ಅವಸರದಿಂದಲೇ ಬಣ್ಣ ಇಳಿದು ಕಣ್ಣೀರಿನಂತೆ ಗಟ್ಟಿಯಾಗುವುದು. ದಪ್ಪನೆಯ ಒಂದಕ್ಕಿಂತ ತೆಳ್ಳಗಿನ ನಾಲ್ಕು ಪದರಗಳು ಹೆಚ್ಚು ಕಾಲ ಬಾಳುತ್ತವೆ. ಎರಡು ಪದರಗಳ ನಡುವೆ ಎಷ್ಟು ಹೊತ್ತು ಬಿಡಬೇಕೆಂಬುದು ಡಬ್ಬಿಯ ಮೇಲೆಯೇ ಇರುತ್ತದೆ, ಅದನ್ನು ಮೀರಬೇಡಿ. ಮಳೆಯ ದಿನ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು, ಏಕೆಂದರೆ ಗಾಳಿಯಲ್ಲಿ ತೇವ ಹೆಚ್ಚಿದ್ದರೆ ಹೊಳೆಯಬೇಕಾದ ಬಣ್ಣ ಬೆಳ್ಳಗೆ ಮಂಕಾಗುತ್ತದೆ.

ಉತ್ತರ 2: ಮೇಲಿನವರು ನೀರು ಹಾಕಿ ಉಜ್ಜಲು ಹೇಳಿದ್ದಕ್ಕೆ ಇನ್ನೂ ಒಂದು ಕಾರಣವಿದೆ. ನಿಮ್ಮದು ಅಷ್ಟು ಹಳೆಯದಲ್ಲದಿರಬಹುದು, ಆದರೆ ಇದನ್ನು ಓದುವ ಯಾರಾದರೂ ತಾವು ಚಿಕ್ಕಂದಿನಲ್ಲಿ ಓಡಿಸಿದ ಸೈಕಲ್ಲನ್ನು ಹೊರಗೆ ತೆಗೆದಿದ್ದರೆ, ಅದರ ಬಣ್ಣದಲ್ಲಿ ಸೀಸ (ಲೆಡ್ ಎಂಬ ವಿಷಕಾರಿ ಲೋಹ) ಇರುವ ಸಾಧ್ಯತೆಯನ್ನು ಮರೆಯಬಾರದು. ಹಳದಿ, ಕಿತ್ತಳೆ, ಕೆಂಪು ಬಣ್ಣಗಳಿಗೆ ಸೀಸದ ಕ್ರೋಮೇಟನ್ನು ಬಹುಕಾಲ ಬಳಸುತ್ತಿದ್ದರು. ಅಂಥ ಬಣ್ಣವನ್ನು ಒಣದಾಗಿ ಉಜ್ಜಬಾರದು, ಬೆಂಕಿಯಿಂದ ಸುಟ್ಟು ತೆಗೆಯಲೂಬಾರದು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಮಾಸ್ಕ್ ಧರಿಸಿ, ಕೆಸರನ್ನು ಒರೆಸಿ ಕಟ್ಟಿ, ಆಗ ತೊಟ್ಟಿದ್ದ ಬಟ್ಟೆಗಳನ್ನು ಬೇರೆಯಾಗಿ ಒಗೆಯಬೇಕು. ತಂದೆಯೊಡನೆ ಉಪ್ಪುಕಾಗದ ಹಿಡಿದು ಕೂರಲು ಮಗು ಹಟ ಮಾಡುತ್ತದೆಂದು ನನಗೆ ಗೊತ್ತು, ಆದರೂ ಈ ಹಂತದಲ್ಲಿ ಮಗು ಹತ್ತಿರ ಇರಬಾರದು. ಬಣ್ಣ ಆರಿಸುವುದು, ಬೋಲ್ಟುಗಳನ್ನು ಡಬ್ಬಿಗೆ ಹಾಕಿ ಎಣಿಸುವುದು, ಕೊನೆಯಲ್ಲಿ ಬೆಲ್ಲು ಕೂರಿಸುವುದು ಅದರ ಪಾಲಿಗಿರಲಿ.

ಉತ್ತರ 3: ಬಿಚ್ಚುವ ವಿಷಯವನ್ನು ಯಾರೂ ಹೇಳಿಲ್ಲ, ನನ್ನ ಕೈ ನೋಯಿಸಿಕೊಂಡದ್ದು ಅಲ್ಲಿಯೇ. ಎಡಗಡೆಯ ಪೆಡಲ್ಲಿನ ತಿರುಪು ಉಲ್ಟಾ ಇರುತ್ತದೆ. ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತದೆ. ಇದು ತಿಳಿಯದೆ ಸ್ಪ್ಯಾನರಿಗೆ ಕೊಳವೆ ಸಿಕ್ಕಿಸಿ ಬಲವೆಲ್ಲ ಹಾಕಿದ್ದೆ, ಅಷ್ಟೂ ಹೊತ್ತು ನಾನು ಅದನ್ನು ಬಿಗಿಯುತ್ತಲೇ ಇದ್ದೆ. ಅನೇಕ ಮಕ್ಕಳ ಸೈಕಲ್ಲುಗಳಲ್ಲಿ ಎರಡು ಕಡೆಯ ಕ್ರ್ಯಾಂಕು (ಪೆಡಲ್ಲು ಕೂರುವ ತೋಳು) ಬಾಗಿಸಿದ ಒಂದೇ ಸರಳಿನದಾಗಿರುತ್ತದೆ. ಅಂಥದರಲ್ಲಿ ಎಡಬದಿಯ ನಟ್ಟಿಗೂ ಇದೇ ಉಲ್ಟಾ ತಿರುಪು.

ಪ್ರತಿ ಭಾಗ ಬಿಚ್ಚುವ ಮೊದಲು ಒಂದು ಫೋಟೋ ತೆಗೆಯಿರಿ. ಮುಂದಿನ ಚಕ್ರವನ್ನು ಹಿಡಿಯುವ ಕವಲಾದ ಫೋರ್ಕಿನ ತಲೆಯಲ್ಲಿ ಬೇರಿಂಗಿನ ಬಿಡಿ ಗುಂಡುಗಳಿದ್ದರೆ ಎಣಿಸಿ ಬರೆದಿಡಿ. ಬೇರಿಂಗ್ ಕೂರುವ ಬಟ್ಟಲು, ತಿರುಪಿನ ರಂಧ್ರ, ಸೀಟಿನ ಕಂಬ ಇಳಿಯುವ ಕೊಳವೆಯ ಒಳಮೈ, ರಿಮ್ಮಿನ ಮೇಲೆ ಬ್ರೇಕು ಉಜ್ಜುವ ಪಟ್ಟಿ, ಇವುಗಳಿಗೆ ಬಣ್ಣ ತಾಗದಂತೆ ಟೇಪ್ ಸುತ್ತಬೇಕು. ಕ್ರ್ಯಾಂಕಿನ ಕೊಳವೆಯ ಅಡಿಯಲ್ಲಿ ಕೊರೆದಿರುವ ಫ್ರೇಮಿನ ಸಂಖ್ಯೆಯನ್ನೂ ಬಣ್ಣದಲ್ಲಿ ಹೂತುಹಾಕಬೇಡಿ.

ತೊಳೆದ ಫ್ರೇಮನ್ನು ಬೆಳಕಿಗೆ ಹಿಡಿದು, ಮುಂದಿನ ಕೊಳವೆಗೆ ಕೆಳಗಿನ ಓರೆ ಕೊಳವೆ ಸೇರುವ ಕಡೆ ತಳಭಾಗವನ್ನು ನೋಡಿ. ಅಲ್ಲಿ ಬಣ್ಣ ಸುಕ್ಕುಗಟ್ಟಿದ್ದರೆ ಅಥವಾ ಕೂದಲೆಳೆಯಷ್ಟು ಬಿರುಕಿದ್ದರೆ ಸೈಕಲ್ಲು ಎಂದೋ ಮುಂದಕ್ಕೆ ಬಲವಾಗಿ ಗುದ್ದಿದೆ ಎಂದರ್ಥ. ಅಂಥ ಫ್ರೇಮಿಗೆ ಬಣ್ಣ ಹಚ್ಚುವುದು ಬಿರುಕನ್ನು ಮರೆಮಾಡಿ ಮಗುವಿನ ಕೈಗೆ ಕೊಟ್ಟಂತೆ. ಎಷ್ಟೇ ನೆನಪುಗಳಿದ್ದರೂ ಅದನ್ನು ಬಿಟ್ಟುಬಿಡಿ.

ಉತ್ತರ 4: ಹ್ಯಾಂಡಲ್ಲಿನ ಕ್ರೋಮಿಗೆ ಬಣ್ಣ ಬೇಡ. ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಮುದ್ದೆ ಮಾಡಿ, ನೀರಿನಲ್ಲಿ ಅದ್ದಿ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳದೆ ತುಕ್ಕು ಕಂದು ಕೆಸರಾಗಿ ಬರುತ್ತದೆ. ಪದರವೇ ಎದ್ದುಹೋಗಿರುವ ಕಡೆ ಮಾತ್ರ ಗುಳಿಗಳು ಉಳಿಯುತ್ತವೆ. ತುಕ್ಕು ಹಿಡಿದ ಸಾದಾ ಬೋಲ್ಟುಗಳನ್ನು ಒಂದು ರಾತ್ರಿ ವಿನಿಗರಿನಲ್ಲಿ ನೆನೆಸಿ, ಅಡುಗೆ ಸೋಡಾದ ನೀರಿನಲ್ಲಿ ತೊಳೆದು, ಕೂಡಲೇ ಒಣಗಿಸಿ ಎಣ್ಣೆ ಸವರಿ.

ಉತ್ತರ 5: ಮರುಜೋಡಣೆಗೆ ಅವಸರ ಮಾಡಬೇಡಿ. ಮುಟ್ಟಿದರೆ ಅಂಟದ ಬಣ್ಣವೂ ಒಳಗೆ ಮೆತ್ತಗಿರುತ್ತದೆ. ನಾನು ಮರುದಿನವೇ ಸೀಟಿನ ಪಟ್ಟಿಯನ್ನು ಬಿಗಿದಾಗ ಅದರ ಕೆಳಗೆ ಬಣ್ಣ ಹಪ್ಪಳದಂತೆ ಮಡಚಿಕೊಂಡಿತು. ಮುಂದಿನ ಸಲ ಒಂದು ವಾರ ನೇತುಹಾಕಿದೆ, ಏನೂ ಆಗಲಿಲ್ಲ.

ಜೋಡಿಸುವಾಗ ಫೋರ್ಕು ಹಿಂದುಮುಂದಾಗದಂತೆ ನೋಡಿಕೊಳ್ಳಿ. ಫೋರ್ಕು ಬಾಗಿದ್ದರೆ ಆ ಬಾಗು ಮುಂದಕ್ಕಿರಬೇಕು. ಸೀಟಿನ ಕಂಬವನ್ನು ಅದರ ಮೇಲಿರುವ ಗುರುತಿನವರೆಗಾದರೂ ಒಳಗಿಳಿಸಿ. ಹ್ಯಾಂಡಲ್ಲಿನ ತುದಿಯ ರಬ್ಬರು ಹರಿದು ಕೊಳವೆಯ ಬಾಯಿ ಕಾಣುತ್ತಿದ್ದರೆ ಹೊಸ ಹಿಡಿಗಳನ್ನೇ ಹಾಕಿ, ಏಕೆಂದರೆ ಬಿದ್ದಾಗ ಆ ಬರಿಯ ಕೊಳವೆ ಹೊಟ್ಟೆಗೆ ಒತ್ತಿ ಒಳಗಿನ ಅಂಗಗಳಿಗೆ ಪೆಟ್ಟಾಗಬಹುದು. ನಾಲ್ಕು ವರ್ಷ ನಿಂತ ಬ್ರೇಕಿನ ತಂತಿ ಒಳಗೆ ತುಕ್ಕು ಹಿಡಿದಿರಬಹುದು, ಅದನ್ನೂ ಬದಲಿಸಿ. ಬ್ರೇಕಿನ ಹಿಡಿಯ ಬುಡದಲ್ಲಿ ಸಣ್ಣ ಸ್ಕ್ರೂ ಇದ್ದರೆ ಅದನ್ನು ಒಳಕ್ಕೆ ತಿರುಗಿಸಿ, ಹಿಡಿ ಹ್ಯಾಂಡಲ್ಲಿಗೆ ಹತ್ತಿರ ಬರುತ್ತದೆ. ನಿಮ್ಮ ಮಗ ಸೀಟಿನ ಮೇಲೆ ಕುಳಿತು ಎರಡು ಬೆರಳಿನಲ್ಲಿ ಅದನ್ನು ಪೂರ್ತಿ ಎಳೆಯಬಲ್ಲನೇ ಎಂದು ನಿಂತಲ್ಲಿಯೇ ನೋಡಿ, ಆಮೇಲೆ ಸೈಕಲ್ಲನ್ನು ಹೊರಗೆ ಬಿಡಿ.