ಕ್ರಿಸ್‌ಮಸ್ ರಜದಲ್ಲಿ ಮನೇಲೇ ಮಕ್ಕಳ ಪಾರ್ಟಿ, ಐಡಿಯಾ ಕೊಡಿ

ಜಯನಗರದ ಅಮ್ಮ:
ಈ ರಜದಲ್ಲಿ ಅಕ್ಕ, ತಂಗಿ, ಅಪಾರ್ಟ್‌ಮೆಂಟ್ ಫ್ರೆಂಡ್ಸ್ ಎಲ್ಲರನ್ನೂ ಮಕ್ಕಳ ಸಮೇತ ಕರೀಬೇಕು ಅಂತಿದೀನಿ, ಎರಡು ವರ್ಷದ ಪಾಪು ಇಂದ ಹಿಡಿದು ಹತ್ತು ವರ್ಷದವರ ತನಕ ಇರ್ತಾರೆ, ಅತ್ತೆ ಮಾವನೂ ಇರ್ತಾರೆ, ಮನೆ ಟೂ ಬಿಎಚ್‌ಕೆ ಅಷ್ಟೇ. ಯಾರೂ ಮೊಬೈಲ್ ಕೇಳಬಾರ್ದು, ಏನ್ ಮಾಡ್ಲಿ?

ಬಸವನಗುಡಿ ಅಜ್ಜಿ:
ಸಂಜೆ ನಾಲ್ಕಕ್ಕೇ ಕರಿಯಮ್ಮ, ಮಕ್ಕಳಿಗೆ ಏಳು ಗಂಟೆಗೆಲ್ಲಾ ಊಟ ಹಾಕಿಬಿಡು, ನಿದ್ದೆ ಬಂದ್ರೆ ಒಂದೊಂದೂ ರಚ್ಚೆ ಹಿಡಿಯತ್ತೆ. ಹೇಗೂ ಅವರೆಕಾಯಿ ಸೀಸನ್ನು, ಅವರೆಕಾಳು ಉಪ್ಪಿಟ್ಟು ಮಾಡು, ಚಿಕ್ಕವರಿಗೆ ಮೆಣಸಿನಕಾಯಿ ಹಾಕದೆ ಬೇರೆ ಮಾಡಿಡು, ಜೊತೆಗೆ ಮೊಸರನ್ನ. ಕೇಕ್ ಒಂದು ತರಿಸಿದ್ರೆ ಸಾಕು.

ಇಬ್ಬರು ಮಕ್ಕಳ ಅಪ್ಪ:
ಮೇಡಂ, ಎರಡು ವರ್ಷದ ಮಗು ಇದೆ ಅಂದ್ರಲ್ಲ, ದಯವಿಟ್ಟು ಕಡ್ಲೆಕಾಯಿ, ಪಾಪ್‌ಕಾರ್ನ್ ಅದರ ಕೈಗೆ ಸಿಗೋ ಕಡೆ ಇಡಬೇಡಿ, ಗಂಟಲಲ್ಲಿ ಸಿಕ್ಕಾಕೊಳ್ಳತ್ತೆ. ದ್ರಾಕ್ಷಿ ಆದ್ರೆ ಉದ್ದಕ್ಕೆ ನಾಲ್ಕು ಹೋಳು ಮಾಡಿ. ಒಡೆದ ಬಲೂನ್ ಚೂರುಗಳನ್ನ ತಕ್ಷಣ ಎತ್ತಿಬಿಡಿ, ಇದು ತುಂಬಾ ಡೇಂಜರ್. ಯಾರಿಗಾದ್ರೂ ಅಲರ್ಜಿ ಇದೆಯಾ ಅಂತ ವಾಟ್ಸಾಪಲ್ಲೇ ಮೊದಲೇ ಕೇಳ್ಕೊಳ್ಳಿ.

ಮಲ್ಲೇಶ್ವರಂ ಹುಡುಗಿ:
ಆಟಕ್ಕೆ ಚೌಕಾಬಾರ ಬೆಸ್ಟ್ ಅಕ್ಕ, ನೆಲದ ಮೇಲೆ ಚಾಕ್‌ಪೀಸಲ್ಲಿ ಮನೆ ಬರೆದ್ರೆ ಆಯ್ತು, ನಿಮ್ಮ ಮಾವನ್ನೇ ಮಕ್ಕಳಿಗೆ ಹೇಳಿಕೊಡೋಕೆ ಕೂರಿಸಿ, ಅವರಿಗೂ ಖುಷಿ ಆಗತ್ತೆ, ಕವಡೆ ಮಾತ್ರ ಪಾಪು ಬಾಯಿಗೆ ಹಾಕ್ಕೊಳ್ದಂಗೆ ನೋಡ್ಕೊಳ್ಳಿ. ಒಂದು ರೂಮಲ್ಲಿ ಹಾಸಿಗೆ ಹಾಕಿ ಲೈಟ್ ಕಮ್ಮಿ ಮಾಡಿಡಿ, ಸುಸ್ತಾದ ಮಕ್ಕಳು ಅಲ್ಲೇ ಮಲಗ್ತಾರೆ.